ದುರ್ಗದ ಬಿಸಿಲಿಗೆ ಘಮಘಮ ಗುಲಾಬಿ ಬರುತ್ತಾ?

ಮನೆಗೆ ಬಂದವರು ಕಾಂಪೌಂಡ್ ಪಕ್ಕದ ಗಿಡ ನೋಡಿ ಇದನ್ನೇ ಕೇಳುತ್ತಾರೆ. "ನಮ್ಮ ಚಿತ್ರದುರ್ಗದ ಬಿಸಿಲಿಗೆ ಈ ಹಳೇ ಕಾಲದ ವಾಸನೆ ಗುಲಾಬಿ ಹೇಗೆ ಬಂತು? ನಾವು ತಂದಿದ್ದೆಲ್ಲ ಒಣಗಿ ಹೋಯ್ತು."

ಬರುತ್ತದೆ. ಆದರೆ ಎಲ್ಲ ಹಳೇ ಗುಲಾಬಿಯೂ ಬರುವುದಿಲ್ಲ. ಬಿಸಿಲನ್ನು ಬೈಯುವ ಮೊದಲು ಆ ಗಿಡದ ತವರು ಯಾವುದು ಅಂತ ನೋಡಬೇಕು.

ಫ್ರಾನ್ಸಿನಲ್ಲಿ 1867ರಲ್ಲಿ 'ಲಾ ಫ್ರಾನ್ಸ್' ಅನ್ನುವ ಹೊಸ ಬಗೆಯ ಗುಲಾಬಿ ಬಂತು. ಅದಕ್ಕಿಂತ ಮೊದಲೇ ಇದ್ದ ಬಗೆಗಳನ್ನೆಲ್ಲ ಹಳೇ ತೋಟದ ಗುಲಾಬಿ ಅನ್ನುತ್ತಾರೆ. ಅವುಗಳಲ್ಲಿ ಗ್ಯಾಲಿಕಾ, ಆಲ್ಬಾ, ಸೆಂಟಿಫೋಲಿಯಾ ಚಳಿ ದೇಶದವು. ವರ್ಷಕ್ಕೆ ಒಂದೇ ಸಲ ಹೂ ಬಿಡುತ್ತವೆ. ಅದಕ್ಕೂ ಮೊದಲು ಗಟ್ಟಿ ಚಳಿಯಲ್ಲಿ ಎಲೆ ಉದುರಿಸಿ ಮಲಗಬೇಕು. ನಾನು ಫೋಟೋ ನೋಡಿ ಆಸೆಪಟ್ಟು ಒಂದು ಗ್ಯಾಲಿಕಾ ತರಿಸಿದ್ದೆ. ಮೂರು ವರ್ಷ ಮಗುವಿನ ಹಾಗೆ ನೋಡಿಕೊಂಡೆ. ಎಲೆ ಬಂತು, ಮುಳ್ಳು ಬಂತು, ಒಂದು ಮೊಗ್ಗೂ ಕಾಣಲಿಲ್ಲ. ನಮ್ಮ ಡಿಸೆಂಬರ್ ಚಳಿ ಅದಕ್ಕೆ ಚಳಿಯೇ ಅಲ್ಲ. ತುಂಬಾ ಬೇಜಾರಾಯಿತು.

ಇನ್ನೊಂದು ಕಡೆ ಚೀನಾ, ಟೀ, ನ್ವಾಸೆಟ್, ಬೋರ್ಬನ್ ಗುಲಾಬಿಗಳಿವೆ. ಇವಕ್ಕೆ ಚಳಿಯ ಹಂಗು ಕಡಿಮೆ. ವರ್ಷದಲ್ಲಿ ಮತ್ತೆ ಮತ್ತೆ ಹೂ ಬಿಡುತ್ತವೆ. ಬೋರ್ಬನ್ ಹುಟ್ಟಿದ್ದೇ ಹಿಂದೂ ಮಹಾಸಾಗರದ ದ್ವೀಪವೊಂದರಲ್ಲಿ, ಈಗಿನ ರಿಯೂನಿಯನ್‌ನಲ್ಲಿ. ಅಲ್ಲಿ ಚೀನಾ ಗುಲಾಬಿಯೂ ಡಮಾಸ್ಕ್ ಗುಲಾಬಿಯೂ ಬೆರೆತು ಈ ಬಗೆ ಬಂತು. ಚೀನಾದಿಂದ ಮರಳಿ ಮರಳಿ ಹೂ ಬಿಡುವ ಗುಣ, ಡಮಾಸ್ಕ್‌ನಿಂದ ಪರಿಮಳ. ಆ ಗುಂಪಿಗೆ ಸೇರಿದ ಎಡ್ವರ್ಡ್ ಗುಲಾಬಿಯನ್ನೇ ದಕ್ಷಿಣದಲ್ಲಿ ಪನ್ನೀರು ಗುಲಾಬಿ ಅಂತ ಮಾರುತ್ತಾರೆ. ಹೌದು, ಪೂಜೆಗೆ ಬಿಡಿ ಹೂವಾಗಿ ಬರುತ್ತದಲ್ಲ, ಮುಟ್ಟಿದರೆ ಎಸಳು ಉದುರುವ ಗುಲಾಬಿ ಬಣ್ಣದ್ದು, ಅದೇ. ನಮ್ಮ ಕಾಂಪೌಂಡಿನಲ್ಲಿರುವುದೂ ಅದೇ. ಅದರ ದಳ ತೆಳು, ಹೂದಾನಿಗೆ ನಿಲ್ಲುವುದಿಲ್ಲ. ಅಂಗಡಿಯ ಉದ್ದ ಕಾಂಡದ ಕೆಂಪು ಗುಲಾಬಿಗಳ ಮುಂದೆ ಇದು ಸಾಧಾರಣವಾಗಿ ಕಾಣುತ್ತದೆ. ಮೂಗಿನ ಹತ್ತಿರ ತಂದ ಮೇಲೆ ಗೊತ್ತಾಗುತ್ತದೆ.

ಹಾಗಾದರೆ ನೀವು ತಂದ ಗಿಡ ಯಾಕೆ ಸತ್ತಿತು? ನನ್ನ ಅನುಭವದಲ್ಲಿ ಏಪ್ರಿಲ್ ಬಿಸಿಲಿಗಿಂತ ಬೋರ್‌ವೆಲ್ ನೀರು ಹೆಚ್ಚು ಗಿಡ ತೆಗೆದಿದೆ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ, ನೋಡಿದ್ದೀರಾ? ಅದು ಉಪ್ಪು, ಸುಣ್ಣ. ಇಂಥ ನೀರು ಹಾಕಿ ಹಾಕಿ ಮಣ್ಣು ಕ್ಷಾರವಾಗುತ್ತದೆ. ಆಗ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಜನ ಗೊಬ್ಬರ ಸಾಲದು ಅಂತ ಯೂರಿಯಾ ಸುರಿಯುತ್ತಾರೆ. ದಯವಿಟ್ಟು ಬೇಡ. ನರ್ಸರಿಯ ಕಸಿ ಗಿಡ ಮಲ್ಟಿಫ್ಲೋರಾ ಅನ್ನುವ ಕಾಡು ಗುಲಾಬಿಯ ಬೇರಿನ ಮೇಲಿದ್ದರೆ ಇನ್ನೂ ಕಷ್ಟ. ಅದಕ್ಕೆ ಕ್ಷಾರ ಮಣ್ಣು ಆಗುವುದಿಲ್ಲ. ಪನ್ನೀರಿನ ಕಡ್ಡಿ ನೆಟ್ಟರೆ ತನ್ನದೇ ಬೇರು ಬಿಡುತ್ತದೆ. ಮೇಲೆ ಒಣಗಿದರೂ ಬುಡದಿಂದ ಅದೇ ಗಿಡ ಚಿಗುರುತ್ತದೆ.

ನಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಅಷ್ಟೂ ಚರಂಡಿಗೆ ಹೋಗುತ್ತದೆ. ಕೋಟೆ ಹತ್ತಿದಾಗಲೆಲ್ಲ ನಾನು ಅಕ್ಕತಂಗಿ ಹೊಂಡದ ಹತ್ತಿರ ನಿಲ್ಲುತ್ತೇನೆ. ಬಂಡೆ ಮೇಲೆ ಬಿದ್ದ ಮಳೆಯನ್ನು ಹಿಡಿದು ಒಂದು ಊರೇ ಬದುಕಿತ್ತು, ಅಲ್ವಾ? ಅದನ್ನು ನೋಡಿಯೇ ತಾರಸಿಯ ಪೈಪಿಗೆ ಎರಡು ಡ್ರಮ್ ಇಟ್ಟೆ. ಗುಲಾಬಿಗೆ ಆದಷ್ಟೂ ಆ ನೀರು. ಅದು ಮುಗಿದ ಮೇಲೆ ಬೋರ್ ನೀರು ಹಾಕಲೇಬೇಕು. ಆಗ ದಿನಾ ಒಂದೊಂದು ಚೊಂಬು ಚಿಮುಕಿಸಬೇಡಿ, ಉಪ್ಪು ಮೇಲೆಯೇ ಕೂರುತ್ತದೆ. ಎರಡು ಮೂರು ದಿನಕ್ಕೊಮ್ಮೆ ತಳದವರೆಗೂ ಇಳಿಯುವಷ್ಟು ಹಾಕಿ. ಬುಡಕ್ಕೆ ಚಳ್ಳಕೆರೆ ಕಡೆಯ ಶೇಂಗಾ ಸಿಪ್ಪೆ ಮೂರು ಇಂಚು ಹರಡಿ. ಮಣ್ಣು ತಂಪಾಗಿರುತ್ತದೆ, ಕೊಳೆತ ಮೇಲೆ ಗೊಬ್ಬರವೂ ಆಗುತ್ತದೆ. ಗೆದ್ದಲು ಬರುವ ಜಾಗವಾದರೆ ಸ್ವಲ್ಪ ಹೊಂಗೆ ಹಿಂಡಿ ಬೆರೆಸಿ.

ಮಧ್ಯಾಹ್ನ ಎರಡರ ನಂತರ ನೆರಳು ಬೀಳುವ ಜಾಗ ಒಳ್ಳೆಯದು. ಬೇಸಿಗೆಯಲ್ಲಿ ಎಲೆ ಅಡಿ ಕೆಂಪು ನುಸಿ ಬರುತ್ತದೆ, ಬೆಳಿಗ್ಗೆ ಜೋರಾಗಿ ನೀರು ಹೊಡೆದರೆ ಬಹುಪಾಲು ಹೋಗುತ್ತದೆ. ಕತ್ತರಿ ಮಾತ್ರ ಹಗುರವಾಗಿರಲಿ. ಬುಡಕ್ಕೆ ಕತ್ತರಿಸುವುದು ಈ ಹಳೇ ಬಗೆಗಳಿಗೆ ಹಿಡಿಸುವುದಿಲ್ಲ.

"ಹೂ ಬಂತು, ವಾಸನೆ ಇಲ್ಲ" ಅಂತ ಹೇಳುವವರೂ ಇದ್ದಾರೆ. ಎಷ್ಟು ಗಂಟೆಗೆ ಮೂಸಿದಿರಿ ಅಂತ ಕೇಳುತ್ತೇನೆ. ಪರಿಮಳದ ಎಣ್ಣೆ ಬಿಸಿಲೇರಿದ ಹಾಗೆ ಆರಿಹೋಗುತ್ತದೆ. ಕನೌಜಿನಲ್ಲಿ ಅತ್ತರಿಗೆ ಹೂವನ್ನು ನಸುಕಿನಲ್ಲೇ ಬಿಡಿಸುವುದು ಇದಕ್ಕೇ. ಏಪ್ರಿಲ್‌ನಲ್ಲಿ ಒಂಬತ್ತು ಗಂಟೆಗೆ ನಮ್ಮ ಹೂವೂ ಸಪ್ಪೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಆರೂವರೆಗೆ ಗೇಟು ತೆಗೆದರೆ ಸಾಕು, ಹೂವಿನ ಹತ್ತಿರ ಬಗ್ಗಬೇಕಾಗಿಲ್ಲ.

ಗಿಡ ಬೇಕಾದವರು ಮಳೆ ಹಿಡಿದ ಮೇಲೆ ಬನ್ನಿ. ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿ ಕೊಡುತ್ತೇನೆ. ಕರಿಬೇವಿನ ನೆರಳಲ್ಲಿ ನೆಟ್ಟು ಎರಡು ತಿಂಗಳು ಕಾಯಿರಿ. ಬೇರು ಬಂತಾ ಅಂತ ಕಿತ್ತು ಮಾತ್ರ ನೋಡಬೇಡಿ.