ಪೆಟ್ಟಿಗೆ ಊರಿಗೆ ಬರುವ ಮುಂಚೆ

ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಎಂಬಾಮಿಂಗ್ ಕೆಲಸ ಮಾಡುತ್ತೇನೆ. ಅಂದರೆ ಹೆಣ ಕೆಡದ ಹಾಗೆ ನೋಡಿಕೊಳ್ಳುವುದು. ತೀರ್ಥಹಳ್ಳಿಯಲ್ಲಿ ಯಾರು ಕೇಳಿದರೂ ಅಮ್ಮ "ಆಸ್ಪತ್ರೆ ಕಡೆ ಕೆಲಸ" ಅಂದು ಮಾತು ಮುಗಿಸುತ್ತಾಳೆ. ನಾನೂ ತಿದ್ದಲು ಹೋಗಿಲ್ಲ.

ನಮ್ಮ ಮಲೆನಾಡಲ್ಲಿ ಇದರ ಅಗತ್ಯವೇ ಬೀಳುವುದಿಲ್ಲ, ಅಲ್ವಾ? ಬೆಳಗ್ಗೆ ತೀರಿಕೊಂಡರೆ ಸಂಜೆಯೊಳಗೆ ಎಲ್ಲ ಮುಗಿಯಬೇಕು, ಅಲ್ಲಿವರೆಗೆ ಅಕ್ಕಪಕ್ಕದ ಮನೆಯಲ್ಲೂ ಒಲೆ ಹಚ್ಚುವುದಿಲ್ಲ. ದೂರದಿಂದ ಮಗ ಬರಬೇಕು ಅಂದರೆ ಫ್ರೀಜರ್ ಬಾಕ್ಸ್ ಬಾಡಿಗೆಗೆ ತರಿಸುತ್ತಾರೆ, ಕರೆಂಟ್ ಹೋದರೆ ಜನರೇಟರ್ ಹುಡುಕುತ್ತಾರೆ. ಇಲ್ಲಿ ಇಂಗ್ಲೆಂಡಿನಲ್ಲಿ ಸತ್ತು ಎರಡು ಮೂರು ವಾರದ ಮೇಲೆ ಅಂತ್ಯಕ್ರಿಯೆ ಮಾಡುವುದು ಮಾಮೂಲು. ಎಂಬಾಮಿಂಗ್ ಜೋರಾಗಿ ಬೆಳೆದದ್ದೇ 1861ರಿಂದ 65ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ. ದೂರದಲ್ಲಿ ಸತ್ತ ಸೈನಿಕರನ್ನು ರೈಲಲ್ಲಿ ಮನೆಗೆ ಕಳಿಸಬೇಕಿತ್ತು. 1865ರಲ್ಲಿ ಅಧ್ಯಕ್ಷ ಲಿಂಕನ್ ದೇಹವನ್ನೂ ಹೀಗೆಯೇ ವಾಷಿಂಗ್ಟನ್‌ನಿಂದ ಸ್ಪ್ರಿಂಗ್‌ಫೀಲ್ಡ್‌ಗೆ ಒಯ್ದರು. ಇಲ್ಲಿ ಸತ್ತ ನಮ್ಮವರನ್ನು ಊರಿಗೆ ಕಳಿಸುವ ನನ್ನ ಕೆಲಸವೂ ಅದೇ, ರೈಲಿನ ಬದಲು ವಿಮಾನ.

ಕುತ್ತಿಗೆಯ ಹತ್ತಿರ ಸಣ್ಣದಾಗಿ ಕೊಯ್ದು ಒಂದು ರಕ್ತನಾಳಕ್ಕೆ ಫಾರ್ಮಾಲಿನ್ (ದೇಹ ಕೆಡದಂತೆ ತಡೆಯುವ ರಾಸಾಯನಿಕ) ಬೆರೆಸಿದ ದ್ರಾವಣ ಬಿಡುತ್ತೇವೆ, ಪಕ್ಕದ ನಾಳದಿಂದ ರಕ್ತ ಹೊರಗೆ ಬರುತ್ತದೆ. ಯಂತ್ರ ನಿಧಾನಕ್ಕೆ ತಳ್ಳುತ್ತಿರುತ್ತದೆ, ನಾವು ಕೈಕಾಲು ನೀವುತ್ತಾ ಇರುತ್ತೇವೆ, ದ್ರಾವಣ ಬೆರಳ ತುದಿಯವರೆಗೂ ಹೋಗಲಿ ಅಂತ. ಪೋಸ್ಟ್‌ಮಾರ್ಟಂ ಆಗಿದ್ದರೆ ಒಳಗಿನ ದಾರಿಯೆಲ್ಲ ಕತ್ತರಿಸಿರುತ್ತದೆ, ಆಗ ತಲೆ, ಕೈ, ಕಾಲು ಒಂದೊಂದಕ್ಕೂ ಬೇರೆ ಬೇರೆ ಕೊಡಬೇಕು, ಅರ್ಧ ದಿನ ಹೋಗುತ್ತದೆ. ಕಾಮಾಲೆಯಿಂದ ಸತ್ತವರ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಸ್ಟ್ರಾಂಗ್ ಫಾರ್ಮಾಲಿನ್ ಕೊಟ್ಟರೆ ಹಳದಿ ಮುಖ ಹಸಿರಾಗಿಬಿಡುತ್ತದೆ. ಅದನ್ನು ನೋಡಿ ಮನೆಯವರು ವಿಷ ಹಾಕಿದ್ದಾರೆ ಅಂದುಕೊಂಡರೂ ಆಶ್ಚರ್ಯ ಇಲ್ಲ. ದ್ರಾವಣದಲ್ಲಿರುವ ಗುಲಾಬಿ ಬಣ್ಣವೂ ಬಿಳಿಯರ ಚರ್ಮಕ್ಕೆ ಸರಿ, ನಮ್ಮವರಿಗೆ ಒಗ್ಗುವುದಿಲ್ಲ. ನಾನಂತೂ ಬಣ್ಣ ಇಲ್ಲದ್ದನ್ನೇ ಬಳಸುತ್ತೇನೆ.

ಕಾಗದಪತ್ರದ ಕೆಲಸ ಬೇರೆಯವರದ್ದು. ಮರಣಪತ್ರ, ಎಂಬಾಮಿಂಗ್ ಸರ್ಟಿಫಿಕೇಟ್, ರದ್ದಾದ ಪಾಸ್‌ಪೋರ್ಟ್, ಭಾರತದ ಕಚೇರಿಯ ಒಪ್ಪಿಗೆ, ಅದೊಂದು ದೊಡ್ಡ ಕಥೆ.

ನಾನು ಇಷ್ಟು ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ಊರಿನವರು ನಮಗೆ ಮುಂಚೆಯೇ ಹೇಳಬೇಕಾದ್ದು ಕೆಲವಿದೆ, ಆದರೆ ಯಾರೂ ಹೇಳುವುದಿಲ್ಲ. ಫಾರ್ಮಾಲಿನ್ ಹೋದ ಮೇಲೆ ಮೈ ಗಟ್ಟಿಯಾಗುತ್ತದೆ. ಸತ್ತ ಕೆಲವು ಗಂಟೆಗಳಲ್ಲಿ ಆಗುವ ಸೆಟೆತ ಒಂದೆರಡು ದಿನದಲ್ಲಿ ಸಡಿಲವಾಗುತ್ತದೆ, ಇದು ಹಾಗಲ್ಲ. ನಮ್ಮ ಜಿಲ್ಲೆಯ ಲಿಂಗಾಯತರ ಮನೆಗಳಲ್ಲಿ ಕೂರಿಸಿ ಮಣ್ಣು ಮಾಡುವ ಪದ್ಧತಿ ಇದೆಯಲ್ಲ, ಶಿಕಾರಿಪುರದ ಕಡೆಯ ಒಬ್ಬ ಹಿರಿಯರನ್ನು ಕಳಿಸುವಾಗ ಅವರ ಮಗ ಫೋನ್ ಮಾಡಿ, "ಅಣ್ಣಾ, ಅಪ್ಪಾಜಿನ ಕೂರಿಸೋಕಾಗುತ್ತಾ?" ಅಂತ ಕೇಳಿದ. ಅಷ್ಟು ಹೊತ್ತಿಗೆ ನನ್ನ ಕೆಲಸ ಮುಗಿದಿರಲಿಲ್ಲ, ಸದ್ಯ. ದ್ರಾವಣದ ತೀಕ್ಷ್ಣತೆ ತಗ್ಗಿಸಿದೆ. ಎಡಗೈಯನ್ನು ಮಡಿಸಿ, ಅಂಗೈ ಮೇಲಕ್ಕೆ ಇರುವ ಹಾಗೆ ಎದೆಯ ಹತ್ತಿರ ನಿಲ್ಲಿಸಿದೆ, ಇಷ್ಟಲಿಂಗ ಇಡಲು. ಆದರೆ ಮಲಗಿಸಿ ಕಳಿಸುವ ಪೆಟ್ಟಿಗೆ ಅದು, ಪೂರ್ತಿ ಕೂರಿಸಲು ಬರುತ್ತದೆ ಅಂತ ಮಾತು ಕೊಡಲಿಲ್ಲ. ಆತ ಅದೇ ಕೈಯ ಫೋಟೋ ಕಳಿಸಿ ಎಂದ, ಕಳಿಸಿದೆ.

ಇಂಥದ್ದನ್ನು ಮೊದಲ ಫೋನ್‌ನಲ್ಲೇ ಹೇಳಿ ಮಾರಾಯ್ರೆ. ಸೀರೆ ನಾವು ಉಡಿಸಬೇಕೋ, ನೀವೇ ಉಡಿಸುತ್ತೀರೋ, ಕುಂಕುಮ ಇಡಬೇಕೋ ಬೇಡವೋ, ಎಲ್ಲ.

ಇನ್ನು ಪೆಟ್ಟಿಗೆ ಬಂದ ಮೇಲೆ. ಒಳಗೆ ಸತುವಿನ ತಗಡಿಗೆ ಬೆಸುಗೆ ಹಾಕಿರುತ್ತದೆ, ತಗಡು ಕತ್ತರಿಸುವ ಕತ್ತರಿ ಬೇಕು. ಅಂಚು ಚೂಪಾಗಿರುತ್ತದೆ, ಕೈಗೆ ಬಟ್ಟೆ ಸುತ್ತಿಕೊಳ್ಳಿ. ಜಗಲಿ ಒಳಗೆ ಬೇಡ, ಅಂಗಳದಲ್ಲೇ ತೆಗೆಯಿರಿ, ಫಾರ್ಮಾಲಿನ್ ಕಣ್ಣು ಉರಿಸುತ್ತದೆ, ಮಕ್ಕಳನ್ನು ದೂರ ಇಡಿ. ಮಳೆಗಾಲವಾದರೆ ತಾಡಪಾಲು ಕಟ್ಟಿ. ಮೀಯಿಸುವುದಿದ್ದರೆ ಮೀಯಿಸಬಹುದು, ಕುತ್ತಿಗೆಯ ಹೊಲಿಗೆಗೆ ಮಾತ್ರ ಕೈ ಹಾಕಬೇಡಿ. ಸುಡುವುದಾದರೆ ಆ ತಗಡನ್ನು ಚಿತೆಗೆ ಹಾಕಬೇಡಿ, ಹೊಗೆ ಒಳ್ಳೆಯದಲ್ಲ.