ಮಧುಪುರದ ಕಿಟಕಿಯ ಮುಂದೆ ನೀರು ಕಟ್ಟುವ ಮಾತು

1926ರ ಮೇ ತಿಂಗಳಲ್ಲಿ ಒಬ್ಬರು ಸನ್ಯಾಸಿ ಒಂದು ಗುಹೆಯ ಒಳಗೆ ಹೋದರು. ದಾರಿ ಮುಚ್ಚಿಸಿಕೊಂಡರು. ಆಮೇಲೆ ಹೊರಗೆ ಬರಲೇ ಇಲ್ಲ. 1947ರಲ್ಲಿ ತೀರಿಕೊಳ್ಳುವ ತನಕ, ಸುಮಾರು 21 ವರ್ಷ, ಶಿಷ್ಯರ ಜೊತೆ ಅವರ ಮಾತೆಲ್ಲ ಒಂದು ಕಿಟಕಿಯಿಂದಲೇ. ಅವರ ಹೆಸರು ಹರಿಹರಾನಂದ ಆರಣ್ಯ. ಊರು ಮಧುಪುರ, ಈಗಿನ ಜಾರ್ಖಂಡ್‌ನ ದೇವಘರ್ ಜಿಲ್ಲೆಯಲ್ಲಿದೆ. ಗುಹೆ ಅಂದರೆ ಬೆಟ್ಟದ ಗುಹೆಯಲ್ಲ, ಕಟ್ಟಿಸಿಕೊಂಡದ್ದು.

ಇದನ್ನು ಮೊದಲ ಸಲ ಓದಿದಾಗ ನನಗೆ ಭಯವೇ ಆಗಿತ್ತು. ಅಷ್ಟು ವರ್ಷ ಒಬ್ಬ ಮನುಷ್ಯ ಒಳಗೆ ಕೂತು ಏನು ಮಾಡುತ್ತಿದ್ದರು? ಈ ಪ್ರಶ್ನೆ ಬಹಳ ದಿನ ಬಿಡಲಿಲ್ಲ. 2018ರ ಜನವರಿಯಲ್ಲಿ ಹೊರಟೇಬಿಟ್ಟೆ.

ನಾನು ಹುಟ್ಟಿದ್ದು ಮಂಡ್ಯದ ಕಡೆಯ ಹಳ್ಳಿಯಲ್ಲಿ. ಈಗ ಇರುವುದು ಮೈಸೂರಿನಲ್ಲಿ. ನಮ್ಮ ಮೈಸೂರಿನಲ್ಲಿ ಯೋಗ ಅಂದರೆ ಆಸನ. 1930ರ ದಶಕದಲ್ಲಿ ಅರಮನೆಯ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು ಕಲಿಸಿದರು. ಅವರ ಶಿಷ್ಯರಾದ ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಅದನ್ನು ದೇಶದೇಶಕ್ಕೆ ಒಯ್ದರು. ನಾನೂ 11 ವರ್ಷ ಆಸನ ಮಾಡಿದ್ದೇನೆ. ಬೆನ್ನು ನೋವು ಹೋಗಿದ್ದು ಅದರಿಂದಲೇ. ಆದರೆ ಪತಂಜಲಿಯ ಯೋಗಸೂತ್ರದ 195 ಸೂತ್ರಗಳಲ್ಲಿ ಆಸನ ಹೇಗಿರಬೇಕು ಅಂತ ಹೇಳುವುದು ಮೂರೇ ಮೂರು. ಉಳಿದದ್ದು ಬಹುಪಾಲು ಮನಸ್ಸಿನ ವಿಚಾರ. ಆ ಉಳಿದದ್ದನ್ನು ಹಿಡಿದು ಬದುಕಿದವರ ಜಾಗ ನೋಡಬೇಕು ಅನ್ನಿಸಿತ್ತು.

ಪಾಟ್ನಾ, ಗಯಾ, ಬೋಧಗಯಾದಲ್ಲಿ ಕಳೆದ ಮೂರು ದಿನದ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಬರಾಬರ್ ಬಗ್ಗೆ ಮಾತ್ರ ಹೇಳಬೇಕು. ಹರಿಹರಾನಂದರು ಹರೆಯದಲ್ಲಿ, 1890ರ ದಶಕದಲ್ಲಿ, ಕೆಲವು ವರ್ಷ ಒಂಟಿಯಾಗಿ ಇದ್ದದ್ದು ಗಯಾ ಬಳಿಯ ಈ ಬೆಟ್ಟದ ಗುಹೆಗಳಲ್ಲಿ. ಇವು ಅಶೋಕನ ಕಾಲದವು. ಸುದಾಮ ಗುಹೆಯನ್ನು ಅವನು ಪಟ್ಟಕ್ಕೆ ಬಂದ 12ನೇ ವರ್ಷದಲ್ಲಿ ಆಜೀವಿಕ ಅನ್ನುವ ಹಳೆಯ ಪಂಥದ ಸನ್ಯಾಸಿಗಳಿಗೆ ಕೊಟ್ಟ ಅಂತ ಶಾಸನ ಇದೆ.

ಮೊದಲ ದಿನ ನನಗೆ ಗುಹೆ ಸಿಗಲೇ ಇಲ್ಲ. ಬಾಡಿಗೆ ಕಾರಿನವರು 'ಇನ್ನೂ ಟೈಮ್ ಇದೆ' ಅಂತ ಎರಡು ಕಡೆ ನಿಲ್ಲಿಸಿದರು. ಬೆಟ್ಟ ಹತ್ತಿ ನೋಡಿದರೆ ಬಾಗಿಲಿಗೆಲ್ಲ ಬೀಗ. ಮತ್ತೊಂದು ದಿನದ ಬಾಡಿಗೆ ಕೊಟ್ಟು ಮತ್ತೆ ಬಂದೆ. ಅದು ಈಗಲೂ ಚುಚ್ಚುತ್ತದೆ. ಹೋಗುವವರು ದಯವಿಟ್ಟು ಬೆಳಿಗ್ಗೆಯೇ ಬೆಟ್ಟದ ಬುಡಕ್ಕೆ ಬಂದುಬಿಡಿ. ಟಾರ್ಚ್ ಇಟ್ಟುಕೊಳ್ಳಿ. ನೀರು, ತಿಂಡಿ ಊರಿನಿಂದಲೇ ತನ್ನಿ.

ಒಳಗೆ ಹೋದ ಮೇಲೆ ಬೇಜಾರೆಲ್ಲ ಹೋಯಿತು. ಇಡೀ ಗ್ರಾನೈಟ್ ಬಂಡೆಯನ್ನು ಕೊರೆದು ಗೋಡೆಯನ್ನು ಕನ್ನಡಿ ಹಾಗೆ ನುಣುಪು ಮಾಡಿದ್ದಾರೆ. ಎರಡು ಸಾವಿರ ವರ್ಷ ದಾಟಿದೆ, ಬೆಳಕು ಬಿಟ್ಟರೆ ಇನ್ನೂ ಹೊಳೆಯುತ್ತದೆ. ಒಂದು ಸಣ್ಣ ಕೆಮ್ಮು ಕೂಡ ಗೋಡೆಯಿಂದ ಗೋಡೆಗೆ ತಿರುಗಿ ತಿರುಗಿ ಬರುತ್ತದೆ. ಜೊತೆಗೆ ಬಂದಿದ್ದ ಹುಡುಗರು ಕೂಗಿ ಕೂಗಿ ಆಟ ಆಡಿದರು. ನನಗೆ ಅದು ಸೇರಲಿಲ್ಲ. ಅವರು ಹೋದ ಮೇಲೆ ಒಬ್ಬನೇ ನಿಂತೆ. ಕೊನೆಯ ಸದ್ದು ಅಡಗುವ ತನಕ ಕಾದೆ. ಇಂಥ ಜಾಗದಲ್ಲಿ ವರ್ಷಗಟ್ಟಲೆ ಇದ್ದವರಿಗೆ ಒಂದು ಮಾತು ಆಡುವ ಮುಂಚೆ ಎಷ್ಟು ಯೋಚನೆ ಬರುತ್ತಿತ್ತೋ!

ಪಾಟ್ನಾದಿಂದ ಮಧುಪುರಕ್ಕೆ ರಾತ್ರಿ ರೈಲು. ಜನವರಿಯಲ್ಲಿ ಆ ಕಡೆ ಮಂಜು ಅಂದರೆ ನಮ್ಮ ಮಡಿಕೇರಿ ಮಂಜಲ್ಲ. ಪ್ಲಾಟ್‌ಫಾರ್ಮಿನ ಕೊನೆ ಕಾಣುವುದಿಲ್ಲ. ರೈಲು ಒಂಬತ್ತು ಗಂಟೆ ತಡ. ಮೈಸೂರಿನ ತೆಳ್ಳನೆ ಸ್ವೆಟರ್ ಏನೂ ಸಾಲದು. ಈ ತಿಂಗಳಲ್ಲಿ ಹೋಗುವುದಾದರೆ ಎಲ್ಲ ಲೆಕ್ಕಕ್ಕೂ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ.

ಮಧುಪುರ ಹಳೆಯ ರೈಲ್ವೆ ಜಂಕ್ಷನ್. ಒಂದು ಕಾಲದಲ್ಲಿ ಕಲ್ಕತ್ತಾದ ಬಂಗಾಳಿಗಳು ಹವಾ ಬದಲಾವಣೆಗೆ ಅಂತ ಇಲ್ಲಿಗೆ ಬರುತ್ತಿದ್ದರು. ತೋಟದ ನಡುವೆ ಬಂಗಲೆ ಕಟ್ಟಿದ್ದರು. ಈಗ ಎಷ್ಟೋ ಗೇಟು ತುಕ್ಕು ಹಿಡಿದಿವೆ. ಅಂಥ ಊರಿನಲ್ಲಿ ಹರಿಹರಾನಂದರ ಕಪಿಲ ಮಠ. ನಮ್ಮ ಹಳೆಯ ದರ್ಶನಗಳಲ್ಲಿ ಒಂದಾದ ಸಾಂಖ್ಯದ ಮೂಲಪುರುಷ ಕಪಿಲ ಮುನಿಯ ಹೆಸರು. ಸಾಂಖ್ಯ ಮತ್ತು ಯೋಗ ಎರಡನ್ನೂ ಒಂದೇ ದಾರಿಯಾಗಿ ಹಿಡಿದ ಮಠಗಳು ಬಹಳ ಅಪರೂಪ. ಇಲ್ಲಿ ಈಶ್ವರ ಜಗತ್ತನ್ನು ಸೃಷ್ಟಿ ಮಾಡಿದವನಲ್ಲ. ಎಂದೂ ಬಂಧನಕ್ಕೆ ಸಿಗದ ಪುರುಷ, ಅಂದರೆ ಶುದ್ಧ ಚೇತನ; ಧ್ಯಾನಕ್ಕೆ ಆದರ್ಶ. ಹರಿಹರಾನಂದರ ನಂತರ ಧರ್ಮಮೇಘ ಆರಣ್ಯರು ಗುಹೆಯಲ್ಲಿದ್ದರು, 1985ರವರೆಗೆ. ಅವರ ನಂತರ ಭಾಸ್ಕರ ಆರಣ್ಯರು.

ನಾನಿದ್ದ ಎರಡು ದಿನ ಮೈಕಿನ ಸದ್ದು ಕೇಳಲಿಲ್ಲ. ಇದು ನನಗೆ ತುಂಬ ಇಷ್ಟವಾಯಿತು. ಧ್ಯಾನ ಶಿಬಿರ ಅಂತ ಹೋದಲ್ಲೆಲ್ಲ ಕೊಳಲಿನ ರೆಕಾರ್ಡು, ಊದುಬತ್ತಿ, 'ಈಗ ನಿಮ್ಮ ಕಾಲ್ಬೆರಳು ಹಗುರವಾಗುತ್ತಿದೆ' ಅನ್ನುವ ದನಿ ಕೇಳಿ ಸಾಕಾಗಿತ್ತು. ಇಲ್ಲಿ ಹಜಾರ, ನೆಲದ ಮೇಲೆ ಕೂತ ಕೆಲವೇ ಜನ, ಎದುರಿಗೆ ಆ ಕಿಟಕಿ. ಸಂಸ್ಕೃತದ ಸ್ತೋತ್ರ ಹೇಳಿದರು. ರಾಗ ಎಳೆಯಲಿಲ್ಲ, ಕೂಗಲಿಲ್ಲ. ಆಮೇಲೆ ಎಲ್ಲರೂ ಸುಮ್ಮನಾದರು.

ನಾನು ಕಿಟಕಿಯನ್ನೇ ನೋಡುತ್ತಿದ್ದೆ. ಒಬ್ಬರು ಹೋದ ಮೇಲೆ ಇನ್ನೊಬ್ಬರು, ಆ ಗೋಡೆಯ ಆಚೆ 90 ವರ್ಷಕ್ಕೂ ಜಾಸ್ತಿ ಇದೇ ಸಾಧನೆ ನಡೆದಿದೆ. ಅದನ್ನು ನೆನೆದಾಗ ಯಾಕೋ ಕಣ್ಣು ತುಂಬಿ ಬಂತು. ಕೇಳಬೇಕು ಅಂತ ಬರೆದುಕೊಂಡು ಹೋಗಿದ್ದ ಚೀಟಿ ಜೇಬಿನಲ್ಲೇ ಉಳಿಯಿತು.

ಆ ಪ್ರಶ್ನೆಗಳನ್ನು ಕೇಳಿದ್ದು ಹೊರಗೆ, ಬಿಸಿಲು ಕಾಯಿಸುತ್ತಾ ಕೂತಿದ್ದ ಒಬ್ಬ ಹಿರಿಯರನ್ನು. ಕೋಲ್ಕತ್ತದವರು. ಶಾಲೆಯಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ತುಂಬ ವರ್ಷದಿಂದ ಚಳಿಗಾಲದಲ್ಲಿ ಇಲ್ಲಿಗೆ ಬರುತ್ತಾರಂತೆ. ನನ್ನ ಹಿಂದಿ ಅಷ್ಟಕ್ಕಷ್ಟೇ. ಅರ್ಧ ಇಂಗ್ಲಿಷು, ಅರ್ಧ ಸಂಸ್ಕೃತದ ಪದಗಳಲ್ಲಿ ಮಾತು ನಡೆಯಿತು.

"ಧ್ಯಾನಕ್ಕೆ ಕೂತರೆ ಮನಸ್ಸು ನಿಲ್ಲಲ್ಲ" ಅಂದೆ. "ಎಳೆದು ತರ್ತೀನಿ, ಮತ್ತೆ ಓಡುತ್ತೆ. ಅರ್ಧ ಗಂಟೆ ಆದ ಮೇಲೆ ತಲೆನೋವು ಬರುತ್ತೆ."

ಅವರು ಉತ್ತರ ಕೊಡಲಿಲ್ಲ. "ನಿಮ್ಮ ತಂದೆ ಏನು ಮಾಡ್ತಾರೆ?" ಅಂದರು.

"ರೈತರು. ಭತ್ತ ಬೆಳೀತಾರೆ."

ಅವರ ಮುಖ ಅರಳಿತು. "ಹಾಗಾದರೆ ನಿಮಗೆ ಗೊತ್ತಿರಲೇಬೇಕು. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಬಿಡುವಾಗ ನಿಮ್ಮ ತಂದೆ ನೀರನ್ನು ಕೈಯಲ್ಲಿ ತಳ್ಳುತ್ತಾರಾ?"

"ಇಲ್ಲ. ಬದಕ್ಕೆ ಗಂಡಿ ಹೊಡೀತಾರೆ. ನೀರು ತಾನೇ ಹೋಗುತ್ತೆ."

"ಪತಂಜಲಿ ಹೇಳೋದೂ ಅದನ್ನೇ" ಅಂದರು. ಯೋಗಸೂತ್ರದ ನಾಲ್ಕನೇ ಪಾದದ, ಅಂದರೆ ನಾಲ್ಕನೇ ಅಧ್ಯಾಯದ, ಮೂರನೇ ಸೂತ್ರ. ಕೊನೆಯ ಮಾತು 'ಕ್ಷೇತ್ರಿಕವತ್', ಅಂದರೆ ಹೊಲದವನ ಹಾಗೆ. ಅದಕ್ಕೆ ವ್ಯಾಸರ ಭಾಷ್ಯವನ್ನು ಬಾಯಿಪಾಠವಾಗಿ ಹೇಳಿ ಅರ್ಥ ಬಿಡಿಸಿದರು. ರೈತ ನೀರನ್ನು ಕೈಯಿಂದ ಎಳೆಯುವುದಿಲ್ಲ, ಅಡ್ಡ ಇರುವುದನ್ನು ಒಡೆಯುತ್ತಾನೆ. ಹಾಗೆಯೇ ಮಣ್ಣಿನ ಸಾರವನ್ನು ಭತ್ತದ ಬೇರಿನ ಒಳಗೆ ತುಂಬಲು ಅವನಿಗೆ ಆಗುವುದಿಲ್ಲ. ಕಳೆ ಕೀಳುತ್ತಾನೆ. ಕಳೆ ಹೋದರೆ ಸಾರ ತಾನಾಗಿ ಬೇರಿಗೆ ಇಳಿಯುತ್ತದೆ.

ನನಗೆ ಮಾತೇ ಹೊರಡಲಿಲ್ಲ. ಯೋಗಸೂತ್ರವನ್ನು ಎರಡು ಸಲ ಓದಿದ್ದೆ. ನಾಲ್ಕನೇ ಪಾದ ಕಷ್ಟ ಅಂತ ಬೇಗ ಬೇಗ ಪುಟ ತಿರುಗಿಸಿದ್ದೆ. ಅಲ್ಲಿ ನಮ್ಮ ಗದ್ದೆ ಕೂತಿತ್ತು! ಚಿಕ್ಕವನಿದ್ದಾಗ ಅಪ್ಪನ ಜೊತೆ ರಾತ್ರಿ ನೀರು ಕಟ್ಟಲು ಹೋಗುತ್ತಿದ್ದೆ. ನೀರುಗಂಟಿ ನಮ್ಮ ಸರದಿ ಹೇಳಿದ ಮೇಲೆ ಎಷ್ಟು ಹೊತ್ತಾದರೂ ಹೋಗಲೇಬೇಕು. ನಾನು ಲಾಟೀನು ಹಿಡಿಯುವುದು, ಅಪ್ಪ ಸನಿಕೆಯಲ್ಲಿ ಎರಡು ಏಟು ಹಾಕುವುದು. ಆಮೇಲೆ ಅಪ್ಪ ಬದದ ಮೇಲೆ ಕೂತು ಬೀಡಿ ಹಚ್ಚುತ್ತಿದ್ದರು. ನೀರು ಕತ್ತಲಲ್ಲಿ ಗೊಳಗೊಳ ಅನ್ನುತ್ತಾ ಹರಿಯುತ್ತಿತ್ತು.

ಆದರೂ ಒಂದು ಸಂಶಯ ಉಳಿಯಿತು. "ಯೋಗ ಅಂದರೆ ಚಿತ್ತವೃತ್ತಿಯ, ಮನಸ್ಸಿನ ಓಡಾಟದ, ನಿರೋಧ ಅಂತ ಎರಡನೇ ಸೂತ್ರವೇ ಹೇಳುತ್ತಲ್ವಾ? ನಿರೋಧ ಅಂದರೆ ತಡೆಯೋದು. ನೀವು ಒಡೆಯೋದು ಅಂತೀರಿ."

ಅವರು ಈ ಪ್ರಶ್ನೆಗೇ ಕಾದಿದ್ದವರ ಹಾಗೆ ಹತ್ತಿರ ಸರಿದು ಕೂತರು. ಚಿತ್ತ ಎರಡು ಕಡೆ ಹರಿಯುವ ನದಿ ಅಂತ ವ್ಯಾಸರು ಇನ್ನೊಂದು ಕಡೆ ಹೇಳಿದ್ದಾರಂತೆ. ಒಂದು ಹರಿವು ವಿಷಯಗಳ, ಅಂದರೆ ಇಂದ್ರಿಯಗಳು ಬಯಸುವುದರ, ಕಡೆಗೆ. ಇನ್ನೊಂದು ವಿವೇಕದ ಕಡೆಗೆ. ವೈರಾಗ್ಯ ಮೊದಲನೆಯದಕ್ಕೆ ಕಟ್ಟೆ. ಅಭ್ಯಾಸ ಎರಡನೆಯದಕ್ಕೆ ದಾರಿ ತೆರೆಯುವುದು. "ಎರಡೂ ಬೇಕು. ಒಂದೇ ಮಾಡಿದರೆ ಏನಾಗುತ್ತೆ, ನೀವೇ ಹೇಳಿ."

ನನಗೆ ಅದು ಗೊತ್ತಿತ್ತು. ಗದ್ದೆಗೆ ಗಂಡಿ ಹೊಡೆದರೆ ಸಾಲದು. ಕಾಲುವೆಗೆ ಅಡ್ಡ ಮಣ್ಣು, ಹುಲ್ಲು ಹಾಕಿ ಒತ್ತಬೇಕು. ಆಗ ನೀರು ಏರಿ ಗದ್ದೆಗೆ ತಿರುಗುತ್ತದೆ. ಬರೀ ಅಡ್ಡ ಕಟ್ಟಿ ಗಂಡಿ ಮರೆತರೆ ನೀರು ಉಕ್ಕಿ ಏರಿಯನ್ನೇ ಕೊಚ್ಚಿಕೊಂಡು ಹೋಗುತ್ತದೆ. ನನ್ನ ತಲೆನೋವು ಅದೇ ಇರಬೇಕು. ಬರೀ ಅಡ್ಡ ಕಟ್ಟುತ್ತಿದ್ದೆ.

"ಹಾಗಾದರೆ ಅವರು ಒಳಗೆ ಅಷ್ಟು ವರ್ಷ ಏನು ಮಾಡ್ತಿದ್ದರು?" ಅಂತ ಕೊನೆಗೂ ಕೇಳಿದೆ.

"ಸ್ಮೃತಿ" ಅಂದರು. ಹರಿಹರಾನಂದರು ಎಲ್ಲಕ್ಕಿಂತ ಒತ್ತಿ ಹೇಳಿದ್ದು ಇದನ್ನೇ ಅಂತೆ. ಇಲ್ಲಿ ಸ್ಮೃತಿ ಅಂದರೆ ಹಳೆಯದರ ನೆನಪಲ್ಲ. ಮನಸ್ಸು ಈಗ ಎಲ್ಲಿದೆ ಅನ್ನುವುದನ್ನು ಮರೆಯದಿರುವುದು. ನಡೆಯುವಾಗ, ಉಣ್ಣುವಾಗ, ಮಲಗುವಾಗ ಕೂಡ. ಮರೆತೆ ಅಂತ ಗೊತ್ತಾದ ಕೂಡಲೇ ಮತ್ತೆ ನೆನೆಯುವುದು, ಮರೆತದ್ದಕ್ಕೆ ಕೊರಗದೆ. ಮೊದಮೊದಲು ಅದು ತೊಟ್ಟು ತೊಟ್ಟಾಗಿ ಬೀಳುವ ನೀರಿನ ಹಾಗೆ. ಅದು ಧಾರಣೆ. ಕಡಿಯದೆ ಎಣ್ಣೆಯ ಧಾರೆ ಹಾಗೆ ಇಳಿದರೆ ಧ್ಯಾನ. "ಬಹುಕಾಲ, ಬಿಡದೆ, ಗೌರವದಿಂದ ಮಾಡಿದರೆ ಮಾತ್ರ ನೆಲ ಗಟ್ಟಿಯಾಗುತ್ತೆ ಅಂತ ಸೂತ್ರ ಇದೆಯಲ್ಲ. ಈ ಮೂರಕ್ಕೂ ಜಾಗ ಬೇಕು ಅಂತ ಅವರು ಬಾಗಿಲು ಮುಚ್ಚಿಸಿಕೊಂಡರು."

ನನಗೆ ಕೇಳಲು ಬೇರೆ ಏನೂ ಉಳಿದಿರಲಿಲ್ಲ. ಅವರು ಊಟದ ಗಂಟೆ ಆಯಿತು ಅಂತ ಕೋಲು ಊರಿ ಎದ್ದರು.

ಆ ಸಂಜೆ ಹಜಾರದಲ್ಲಿ ಮತ್ತೆ ಕೂತೆ. ಮನಸ್ಸನ್ನು ಎಳೆಯಲಿಲ್ಲ. ಎಷ್ಟು ಹೊತ್ತು ಕೂತೆನೋ ಲೆಕ್ಕ ಇಡಲಿಲ್ಲ. ತಲೆನೋವು ಬರಲಿಲ್ಲ.

ವಾಪಸು ಹೋಗುವ ರಾತ್ರಿ ಸ್ಟೇಷನ್ನಿನಿಂದ ಅಪ್ಪನಿಗೆ ಫೋನ್ ಮಾಡಿದೆ. ಗುಹೆ, ಕಿಟಕಿ ಎಲ್ಲ ಹೇಳಿದೆ. ಗಂಡಿ ಹೊಡೆಯುವ ಸೂತ್ರವನ್ನೂ ಹೇಳಿದೆ. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಅವರ ಕೆಲಸ ಅಂಥ ಹಳೆಯ ಪುಸ್ತಕದಲ್ಲಿ ಇದೆ ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು.

"ಗಂಡಿ ಹೊಡೆಯೋಕೆ ಮುಂಚೆ ಕೆಳಗಡೆ ಗದ್ದೆ ಬದ ಗಟ್ಟಿಯಾಗಿದೆಯಾ ಅಂತ ನೋಡ್ಕೋಬೇಕು ಕಣಪ್ಪ. ಇಲ್ಲಾಂದ್ರೆ ಬಿಟ್ಟ ನೀರೆಲ್ಲ ಹಳ್ಳಕ್ಕೆ. ಅದನ್ನ ಹೇಳಿದಾನಾ?"

ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ. ಪತಂಜಲಿ ಹೇಳುವ ಯೋಗದ ಎಂಟು ಅಂಗಗಳಲ್ಲಿ ಮೊದಲನೆಯದಾದ ಯಮ ಅಂದರೆ ಈ ಐದು; ಬದ ಗಟ್ಟಿ ಮಾಡುವ ಕೆಲಸ ಅದೇ. ಎರಡನೆಯದು ನಿಯಮ. ಆಸನ ಬರುವುದು ಮೂರನೆಯದಾಗಿ. ನಾನು 11 ವರ್ಷದ ಹಿಂದೆ ಶುರು ಮಾಡಿದ್ದು ಆ ಮೂರನೆಯದರಿಂದ.

"ಹೇಳಿದಾನೆ ಅಪ್ಪ" ಅಂದೆ. "ಅದನ್ನೇ ಮೊದಲು ಹೇಳಿದಾನೆ."