ವೇಸ್ಟ್ ಬಾಟಲಿಗೆ ಹೋದ ಹಳದಿ

ಮಿಶ್ರಣವನ್ನು ಬೇರ್ಪಡಿಸಲು ಸಿಲಿಕಾ ಪುಡಿ ತುಂಬಿದ ಕೊಳವೆ, ಅಂದರೆ ಕಾಲಮ್‌ನಿಂದ ಮೊದಲು ಇಳಿದ ಹಳದಿ ಪಟ್ಟಿಯನ್ನು ಕೈಯಾರೆ ವೇಸ್ಟ್ ಬಾಟಲಿಗೆ ಸುರಿದವನು ನಾನು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಫೀನಾಲ್‌ಗೆ ನೈಟ್ರೋ ಗುಂಪು ಸೇರಿಸುವ ನೈಟ್ರೇಶನ್ ಬ್ಯಾಚ್ ಅದು. ನೈಟ್ರೋ ಗುಂಪು ಓಎಚ್ ಗುಂಪಿನ ಪಕ್ಕದಲ್ಲೇ ಕೂತ ಆರ್ಥೋ, ಎದುರು ತುದಿಯಲ್ಲಿ ಕೂತ ಪ್ಯಾರಾ ಎರಡೂ ಸಿಗುತ್ತವೆ, ಬೇಕಾಗಿದ್ದದ್ದು ಆರ್ಥೋ. ಎರಡರಲ್ಲೂ ಒಂದು ಓಎಚ್, ಒಂದು ನೈಟ್ರೋ. ಎಲೆಕ್ಟ್ರೋನೆಗೆಟಿವಿಟಿಯ, ಅಂದರೆ ಬಂಧದ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆಯುವ ಶಕ್ತಿಯ ಪೌಲಿಂಗ್ ಪಟ್ಟಿಯಲ್ಲಿ ಆಮ್ಲಜನಕ 3.44, ಜಲಜನಕ 2.20. ಬಂಧಗಳು ಅವೇ ಆದ ಮೇಲೆ ಧ್ರುವೀಯತೆಯೂ (ಅಣುವಿನಲ್ಲಿ ವಿದ್ಯುದಂಶ ಒಂದು ಕಡೆ ವಾಲುವುದು) ಹೆಚ್ಚುಕಡಿಮೆ ಅದೇ, ಎರಡೂ ಸಿಲಿಕಾಗೆ ಅಂಟಿಕೊಂಡು ಒಂದರ ಬೆನ್ನಿಗೊಂದು ನಿಧಾನವಾಗಿ ಬರುತ್ತವೆ, ಮೊದಲೇ ಓಡಿ ಬರುವುದು ಕಲ್ಮಶ ಎಂದು ತೀರ್ಮಾನಿಸಿಬಿಟ್ಟೆ. ಶುದ್ಧ ಮಾಡದ ಮಿಶ್ರಣದ (ಕ್ರೂಡ್) ಟಿಎಲ್‌ಸಿ ನೋಡಲಿಲ್ಲ. ಸಿಲಿಕಾ ಲೇಪಿಸಿದ ಪುಟ್ಟ ಪ್ಲೇಟಿನ ಮೇಲೆ ಮಾಡುವ ಪರೀಕ್ಷೆ ಅದು, ಸಿಲಿಕಾಗೆ ಕಡಿಮೆ ಅಂಟುವುದು ಹೆಚ್ಚು ಮೇಲೇರುತ್ತದೆ. ಸ್ಟೋರ್ಸ್‌ನವರು ಪ್ಲೇಟ್‌ಗಳನ್ನು ಎಣಿಸಿ ಕೊಡುತ್ತಿದ್ದ ಕಾಲ. ಒಂದು ಹೆಚ್ಚಿಗೆ ಕೇಳಿದರೆ ಮೂರು ಸಹಿ ಬೇಕಿತ್ತು.

ಕಾಲಮ್‌ನಿಂದ ನಂತರ ಇಳಿದ ಫ್ರ್ಯಾಕ್ಷನ್‌ಗಳನ್ನು (ಭಾಗಗಳನ್ನು) ಪ್ಲೇಟಿನಲ್ಲಿ ಸ್ಟ್ಯಾಂಡರ್ಡ್‌ನ, ಅಂದರೆ ಶುದ್ಧ ಆರ್ಥೋ ಮಾದರಿಯ ಪಕ್ಕದಲ್ಲಿ ಹಾಕಿ ನೋಡಿದೆ. ಎಲ್ಲದರಲ್ಲೂ ಒಂದೇ ಸ್ಪಾಟ್, ಎಲ್ಲವೂ ಕೆಳಗೆ. ಆರ್ಥೋ ಸ್ಟ್ಯಾಂಡರ್ಡ್ ಮಾತ್ರ ಎಷ್ಟೋ ಮೇಲೆ ಒಂಟಿಯಾಗಿ ನಿಂತಿತ್ತು. ಇನ್ನೂ ಬರಬಹುದು ಎಂದು ಅಂಟಿದ್ದನ್ನು ಬಿಡಿಸುವ ದ್ರಾವಕ ಇಥೈಲ್ ಅಸಿಟೇಟ್‌ನ ಪ್ರಮಾಣ ಏರಿಸಿದೆ. ಕಾಲಮ್ ಬಿಳಿಚಿಕೊಂಡಿತು, ಏನೂ ಬರಲಿಲ್ಲ. ಆಗ ವೇಸ್ಟ್ ಬಾಟಲಿಯತ್ತ ನೋಡಿದೆ. ಕ್ಯಾಪಿಲರಿ ಅದ್ದಿ ಪ್ಲೇಟಿಗೆ ತಾಗಿಸುವಾಗ ಕೈ ನಡುಗುತ್ತಿತ್ತು. ಸ್ಪಾಟ್ ಏರಿ ಏರಿ ಸ್ಟ್ಯಾಂಡರ್ಡ್‌ನ ಸಮಕ್ಕೆ ನಿಂತಿತು. ಬಾಟಲಿಯಲ್ಲಿ ಇಡೀ ಲ್ಯಾಬಿನ ದ್ರಾವಕಗಳಿದ್ದವು. ಮರಳಿ ಪಡೆಯುವ ಮಾತೇ ಇರಲಿಲ್ಲ.

ಆರ್ಥೋದಲ್ಲಿ ಓಎಚ್‌ನ ಜಲಜನಕವನ್ನು ಪಕ್ಕದ ನೈಟ್ರೋ ಗುಂಪಿನ ಆಮ್ಲಜನಕವೇ ಹಿಡಿದಿಟ್ಟುಕೊಳ್ಳುತ್ತದೆ. ಅಣು ತನ್ನ ಕೈಯನ್ನು ತಾನೇ ಕಟ್ಟಿಕೊಂಡ ಹಾಗೆ. ಸಿಲಿಕಾವನ್ನು ಹಿಡಿಯಲು ಅದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಪ್ಯಾರಾದಲ್ಲಿ ಆ ಕೈ ಬಿಡುವಾಗಿದೆ. ಆರ್ಥೋ ಸುಮಾರು 45 ಡಿಗ್ರಿಗೆ ಕರಗುವುದಕ್ಕೂ ಪ್ಯಾರಾಗೆ 114ರ ಹತ್ತಿರ ಬೇಕಾಗುವುದಕ್ಕೂ ಮುಖ್ಯ ಕಾರಣ ಇದೇ. ಎರಡರ ಕರಗುಬಿಂದುವನ್ನೂ ನಾನೇ ಅಳೆದಿದ್ದೆ, ಆದರೂ ಹೊಳೆಯಲಿಲ್ಲ.

ಹೊಸಬರಿಗೆ ಈಗ ಮೊದಲ ದಿನವೇ ಅಮೋನಿಯಾ ಮತ್ತು ನೈಟ್ರೋಜನ್ ಟ್ರೈಫ್ಲೋರೈಡ್ ಬರೆದು ತೋರಿಸುತ್ತೇನೆ. ಎರಡನೆಯದರಲ್ಲಿ ಎಲೆಕ್ಟ್ರೋನೆಗೆಟಿವಿಟಿ ವ್ಯತ್ಯಾಸ ತುಸು ಹೆಚ್ಚೇ ಇದೆ, ಆದರೆ ಇಡೀ ಅಣುವಿನ ಧ್ರುವೀಯತೆಯ ಅಳತೆಯಾದ ಡೈಪೋಲ್ ಮೊಮೆಂಟ್ ಬರೀ 0.23 ಡಿಬೈ, ಅಮೋನಿಯಾದ್ದು 1.47. ನೈಟ್ರೋಜನ್‌ನ ಒಂಟಿ ಜೋಡಿ (ಬಂಧಕ್ಕೆ ಸೇರದ ಎಲೆಕ್ಟ್ರಾನ್ ಜೋಡಿ) ಒಂದು ಕಡೆ ಎಳೆದರೆ ಫ್ಲೋರಿನ್‌ಗಳು ಇನ್ನೊಂದು ಕಡೆ ಎಳೆಯುತ್ತವೆ. ಅಂಕಿ ಬಂಧದ್ದು, ಅಣುವಿನದ್ದಲ್ಲ.

ಕೆಲಸ ಎಲ್ಲಿ ತಪ್ಪಿತೆಂದು ದಾಖಲಿಸುವ ಡೀವಿಯೇಶನ್ ವರದಿಯಲ್ಲಿ ‘ಕೆಮಿಸ್ಟ್‌ನ ತಪ್ಪು’ ಎಂದು ಬರೆದರು. ನಿಜವೇ, ಸಹಿ ಹಾಕಿದೆ. ಪ್ಲೇಟ್‌ಗಳ ಮಿತಿಯನ್ನೂ ಕಾರಣಗಳಲ್ಲಿ ಸೇರಿಸಿ ಎಂದು ಎರಡು ಸಲ ಕೇಳಿದೆ. ಸೇರಿಸಲಿಲ್ಲ.